ಬೆಣ್ಣೆಹಣ್ಣು ಬ್ರೆಡ್ಡಿಗೆ ಬಂದ ದಾರಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಸಡೀನ ಎಂಬ ಊರು. ಅಲ್ಲಿ ರುಡಾಲ್ಫ್ ಹಾಸ್ ಎಂಬ ಅಂಚೆಯವನಿದ್ದ. ಮನೆಮನೆಗೆ ಕಾಗದ ಹಂಚುವ ಕೆಲಸ, ಸಂಬಳ ಅಷ್ಟಕ್ಕಷ್ಟೆ. ಬೆಣ್ಣೆಹಣ್ಣಿನ ಮರದಿಂದ ಡಾಲರ್ ನೋಟುಗಳು ಜೋತಾಡುವ ಚಿತ್ರವೊಂದನ್ನು ಪತ್ರಿಕೆಯಲ್ಲಿ ನೋಡಿದ ಮೇಲೆ ಅವನಿಗೂ ಆಸೆ ಹುಟ್ಟಿತು. 1920ರ ದಶಕದಲ್ಲಿ ಲಾ ಹಾಬ್ರಾ ಹೈಟ್ಸ್ ಎಂಬಲ್ಲಿ ಒಂದೂವರೆ ಎಕರೆ ತೋಟ ಕೊಂಡ. ಬೀಜ ತಂದು ಸಸಿ ಮಾಡಿದ. ಆ ಸಸಿಗಳಿಗೆ ಆಗ ಹೆಸರುವಾಸಿಯಾಗಿದ್ದ ‘ಫುಯೆರ್ಟೆ’ ತಳಿಯ ಕಸಿ ಕಟ್ಟಿಸಿದ.

ಒಂದು ಸಸಿ ಮಾತ್ರ ಕಸಿಗೆ ಒಗ್ಗಲಿಲ್ಲ. ಎಷ್ಟು ಸಲ ಕಟ್ಟಿದರೂ ಹಿಡಿಯಲಿಲ್ಲ. ಕೊನೆಗೆ ಅದರ ಪಾಡಿಗೆ ಅದನ್ನು ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ಕಾಯಿ ಬಿಟ್ಟಿತು. ಆದರೆ ಕಾಯಿಯ ಸಿಪ್ಪೆ ದಪ್ಪ, ಒರಟು, ಹಣ್ಣಾದರೆ ಕಪ್ಪು. ಮಾರುಕಟ್ಟೆಯಲ್ಲಿ ಬೆಲೆಯಿದ್ದುದು ನುಣುಪಾದ ಹಸಿರು ಹಣ್ಣಿಗೆ. ಹಾಸ್ ಆ ಮರವನ್ನು ಕಡಿಯಲು ಯೋಚಿಸಿದ್ದನಂತೆ. ಅಡ್ಡ ಬಂದವರು ಮನೆಯ ಮಕ್ಕಳು. ತೋಟದ ಬೇರೆಲ್ಲ ಹಣ್ಣಿಗಿಂತ ಈ ಕಪ್ಪು ಹಣ್ಣೇ ರುಚಿ ಎಂಬುದು ಅವರ ತೀರ್ಪು. ಅಪ್ಪ ತಿಂದು ನೋಡಿ ಒಪ್ಪಿದ. ಮರ ಉಳಿಯಿತು. ಇಂದು ಪ್ರಪಂಚದಲ್ಲಿ ಬೆಳೆಯುವ ಬೆಣ್ಣೆಹಣ್ಣಿನ ಹತ್ತು ಪಾಲಿನಲ್ಲಿ ಸುಮಾರು ಎಂಟು ಪಾಲು ಅದೇ ಮರದ ಸಂತಾನ.

ಈ ಹಣ್ಣಿಗೆ ಇಂಗ್ಲಿಷಿನಲ್ಲಿ ಆವಕಾಡೊ ಎಂದು ಹೆಸರು. ನಮ್ಮಲ್ಲಿ ಬೆಣ್ಣೆಹಣ್ಣು, ಇಲ್ಲವೇ ಬಟರ್ ಫ್ರೂಟ್. ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಹಾಲು, ಸಕ್ಕರೆ ಹಾಕಿ ಅರೆದು ಕೊಡುವ ಹಣ್ಣೆಂದೇ ಅದು ಬಹುಕಾಲ ಪರಿಚಿತ. ಈಚಿನ ವರ್ಷಗಳಲ್ಲಿ ಕಾಫಿ ಕೆಫೆಗಳು ಅದನ್ನು ಕಾಯಿಸಿದ ಬ್ರೆಡ್ಡಿನ ಮೇಲೆ ಹಚ್ಚಿ, ಮೇಲೆ ಟೊಮೆಟೊ, ಈರುಳ್ಳಿ, ಕೊತ್ತಂಬರಿ ಉದುರಿಸಿ, ನೂರಾರು ರೂಪಾಯಿಗೆ ಮಾರುತ್ತಿವೆ. ಇದು ಹೊಸಕಾಲದ ಹುಡುಗರ ಷೋಕಿ ಎಂದು ಹಿರಿಯರು ಮೂಗು ಮುರಿಯುವುದೂ ಉಂಟು. ಆದರೆ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು ಹಚ್ಚಿ ತಿನ್ನುವುದು ಹೊಸದೂ ಅಲ್ಲ, ಸಿರಿವಂತರದ್ದೂ ಅಲ್ಲ. ಹೊಸದಾಗಿ ಬಂದಿರುವುದು ಬೇರೆಯದೇ ಒಂದು ಸಂಗತಿ. ಅದು ತಿಳಿಯಬೇಕಾದರೆ ಹಣ್ಣಿನ ಜಾತಕವನ್ನು ಮೊದಲಿನಿಂದ ನೋಡಬೇಕು.

ಹಲ್ಲುಳ್ಳ ಮರ

ಬೆಣ್ಣೆಹಣ್ಣಿನ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಸಸ್ಯಶಾಸ್ತ್ರದ ಪ್ರಕಾರ ಅದು ದಾಲ್ಚಿನ್ನಿಯ ಬಂಧು; ಎರಡೂ ಒಂದೇ ಕುಟುಂಬದ ಮರಗಳು. ಮೆಕ್ಸಿಕೊದ ತೆಹುವಾಕಾನ್ ಕಣಿವೆಯ ಗುಹೆಯೊಂದರಲ್ಲಿ ಸಾವಿರಾರು ವರ್ಷ ಹಳೆಯ ಬೆಣ್ಣೆಹಣ್ಣಿನ ಬೀಜಗಳು ಸಿಕ್ಕಿವೆ. ಹೊಂಡುರಾಸ್ ದೇಶದ ಎಲ್ ಹಿಗಾಂಟೆ ಎಂಬ ಕಲ್ಲಾಸರೆಯಲ್ಲಿ ದೊರೆತ ಅವಶೇಷಗಳ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅಲ್ಲಿನ ಜನ ಸುಮಾರು 11,000 ವರ್ಷಗಳ ಹಿಂದೆಯೇ ಈ ಹಣ್ಣನ್ನು ತಿನ್ನುತ್ತಿದ್ದರು. ದೊಡ್ಡ ಹಣ್ಣು, ದಪ್ಪ ಸಿಪ್ಪೆಯ ಮರಗಳನ್ನೇ ಆರಿಸಿ ಉಳಿಸಿಕೊಳ್ಳುತ್ತ ಬಂದರು. ಸುಮಾರು 7,500 ವರ್ಷಗಳ ಹಿಂದಿನ ಹೊತ್ತಿಗೆ ಅದು ಕಾಡಿನ ಮರವಾಗಿ ಉಳಿಯದೆ ಊರಿನ ಮರವಾಗಿತ್ತು ಎಂಬುದು ಆ ಅಧ್ಯಯನದ ಸಾರ. ಅಂದರೆ ಆ ಸೀಮೆಯಲ್ಲಿ ಮೆಕ್ಕೆಜೋಳ ಮುಖ್ಯ ಆಹಾರವಾಗುವುದಕ್ಕೂ ಮೊದಲೇ ಬೆಣ್ಣೆಹಣ್ಣು ಊಟದಲ್ಲಿತ್ತು.

ಮಾಯಾ ಜನ ಈ ಮರವನ್ನು ಮನೆತನದ ಮರವೆಂದು ಕಂಡರು. ಪಾಲೆಂಕೆ ಎಂಬ ನಗರದ ದೊರೆ ಪಕಾಲ್ 683ರಲ್ಲಿ ತೀರಿಕೊಂಡ. ಅವನ ಕಲ್ಲಿನ ಶವಪೆಟ್ಟಿಗೆಯ ಬದಿಗಳಲ್ಲಿ ಅವನ ಪೂರ್ವಜರು ಹಣ್ಣಿನ ಮರಗಳೊಡನೆ ನೆಲದಿಂದ ಮೇಲೆದ್ದು ಬರುವಂತೆ ಕೆತ್ತಲಾಗಿದೆ. ಆ ಮರಗಳಲ್ಲಿ ಬೆಣ್ಣೆಹಣ್ಣೂ ಒಂದು.

ಅಜ್ಟೆಕರ ನಾವಾಟ್ಲ್ ಭಾಷೆಯಲ್ಲಿ ಹಣ್ಣಿನ ಹೆಸರು ‘ಅಹುವಾಕಟ್ಲ್’. ಅಹುವಾಕಟ್ಲಾನ್ ಎಂದರೆ ಬೆಣ್ಣೆಹಣ್ಣಿರುವ ಊರು. ಅಜ್ಟೆಕರ ಚಿತ್ರಲಿಪಿಯಲ್ಲಿ ಈ ಊರಿನ ಗುರುತು ಬಲು ತಮಾಷೆಯದು: ಕಾಂಡದಲ್ಲಿ ಹಲ್ಲುಗಳಿರುವ ಒಂದು ಮರ! ಅವರ ಭಾಷೆಯಲ್ಲಿ ಸ್ಥಳವನ್ನು ಸೂಚಿಸುವ ಪ್ರತ್ಯಯವೂ ಹಲ್ಲು ಎಂಬ ಪದವೂ ಒಂದೇ ಬಗೆಯಾಗಿ ಕೇಳಿಸುತ್ತಿದ್ದುದರಿಂದ ಲಿಪಿಕಾರರು ಕಂಡುಕೊಂಡ ಉಪಾಯ ಅದು.

ಅವರು ಹಣ್ಣನ್ನು ಮೂರು ಕಾಲಿನ ಕಲ್ಲಿನ ಒರಳಿನಲ್ಲಿ ಮೆಣಸಿನಕಾಯಿ, ಟೊಮೆಟೊ ಜೊತೆ ಅರೆಯುತ್ತಿದ್ದರು. ಅದಕ್ಕೆ ‘ಅಹುವಾಕಮೋಲ್ಲಿ’ ಎಂದು ಹೆಸರು. ಮೋಲ್ಲಿ ಎಂದರೆ ಗೊಜ್ಜು. ಇಂದು ಜಗತ್ತೆಲ್ಲ ಗ್ವಾಕಮೋಲೆ ಎಂದು ಕರೆಯುವುದು ಈ ಗೊಜ್ಜನ್ನೇ. ಅದನ್ನು ಮೆಕ್ಕೆಜೋಳದ ರೊಟ್ಟಿಯ ಜೊತೆ ತಿನ್ನುತ್ತಿದ್ದರು. ಗೋಧಿ ಆ ನೆಲದಲ್ಲಿರಲಿಲ್ಲ. 16ನೇ ಶತಮಾನದಲ್ಲಿ ಸ್ಪೇನಿನವರ ಜೊತೆ ಬಂತು. ಈರುಳ್ಳಿ, ಕೊತ್ತಂಬರಿ, ನಿಂಬೆ ಕೂಡ ಹಾಗೆಯೇ ಬಂದವು. ಹೀಗಾಗಿ ಇಂದಿನ ಬೆಣ್ಣೆಹಣ್ಣಿನ ಟೋಸ್ಟು ಎರಡು ಪ್ರಪಂಚಗಳ ಕೂಡುಕುಟುಂಬ. ಬ್ರೆಡ್ಡು, ಈರುಳ್ಳಿ, ನಿಂಬೆ ಹಳೆಯ ಜಗತ್ತಿನವು. ಹಣ್ಣು, ಟೊಮೆಟೊ, ಹಸಿಮೆಣಸಿನಕಾಯಿ ಹೊಸ ಜಗತ್ತಿನವು. ಕನ್ನಡಿಗರ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಟೊಮೆಟೊಗಳಿಗೆ ನಾಲ್ಕೈದು ಶತಮಾನಗಳಲ್ಲೇ ಜಾಗ ಸಿಕ್ಕಿತು. ಅವುಗಳ ಊರಿನ ಬೆಣ್ಣೆಹಣ್ಣು ಮಾತ್ರ ತಡವಾಗಿ ಬಂದ ನೆಂಟ.

ನಾವಿಕರ ಬೆಣ್ಣೆ

ಈ ಹಣ್ಣಿನ ಬಗ್ಗೆ ಯೂರೋಪಿನಲ್ಲಿ ಅಚ್ಚಾದ ಮೊದಲ ಬರಹ 1519ರದು. ಸ್ಪೇನಿನ ಮಾರ್ಟಿನ್ ಫೆರ್ನಾಂಡೆಸ್ ದೆ ಎನ್ಸಿಸೊ ತನ್ನ ಭೂಗೋಳ ಗ್ರಂಥದಲ್ಲಿ, ಇಂದಿನ ಕೊಲಂಬಿಯಾದ ಕರಾವಳಿಯಲ್ಲಿ ಕಂಡ ಹಣ್ಣೊಂದನ್ನು ವರ್ಣಿಸುತ್ತ, ಅದರೊಳಗಿನ ತಿರುಳನ್ನು ಬೆಣ್ಣೆಗೆ ಹೋಲಿಸಿದ. ಕನ್ನಡದ ಬೆಣ್ಣೆಹಣ್ಣು ಎಂಬ ಹೆಸರಿನ ಹಿಂದಿರುವ ಹೋಲಿಕೆ 500 ವರ್ಷಗಳ ಹಿಂದೆಯೇ ಒಬ್ಬ ಪರದೇಶಿಗೆ ಹೊಳೆದಿತ್ತು. ಅಹುವಾಕಟ್ಲ್ ಎಂಬುದು ಸ್ಪೇನಿನವರ ಬಾಯಲ್ಲಿ ‘ಆಗ್ವಾಕಾತೆ’ ಆಯಿತು. ಯೂರೋಪಿನಲ್ಲಿ ಅದು ವಕೀಲ ಎಂಬ ಅರ್ಥದ ಪದದೊಡನೆ ಕಲಸಿಹೋಯಿತು. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ವಕೀಲರಿಗೂ ಬೆಣ್ಣೆಹಣ್ಣಿಗೂ ‘ಅವೊಕಾ’ ಎಂಬ ಒಂದೇ ಪದ.

ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಈ ಹಣ್ಣನ್ನು ತಿನ್ನುವ ಎರಡು ಬಗೆಗಳನ್ನು ಹೇಳಿದ್ದಾನೆ. ಒಂದು, ಸಕ್ಕರೆ ಮತ್ತು ನಿಂಬೆರಸ ಬೆರೆಸಿ. ಇನ್ನೊಂದು, ಉಪ್ಪು ಹಚ್ಚಿಕೊಂಡು ಸುಟ್ಟ ಬಾಳೆಕಾಯಿಯ ಜೊತೆ. ಮೊದಲನೆಯದು ಬೆಂಗಳೂರಿನ ಜ್ಯೂಸಿನ ಪೂರ್ವಜ ಎನ್ನಬಹುದಾದರೆ ಎರಡನೆಯದು ಟೋಸ್ಟಿನ ದಾಯಾದಿ.

ಬ್ರಿಟಿಷ್ ಹಡಗುಗಳಲ್ಲಿ ಅದು ಇನ್ನೂ ಹತ್ತಿರಕ್ಕೆ ಬಂತು. ದೂರಯಾನದಲ್ಲಿ ನಾವಿಕರ ಪಾಲಿಗೆ ದಕ್ಕುತ್ತಿದ್ದುದು ಕಲ್ಲಿನಂತೆ ಗಟ್ಟಿಯಾದ ಹಡಗಿನ ಬಿಸ್ಕತ್ತು. ಉಷ್ಣವಲಯದ ಸೆಕೆಯಲ್ಲಿ ಬೆಣ್ಣೆ ಕೆಟ್ಟುಹೋಗುತ್ತಿತ್ತು. ವೆಸ್ಟ್ ಇಂಡೀಸ್ ಬಂದರುಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಈ ಹಣ್ಣಿನ ತಿರುಳನ್ನು ಬಿಸ್ಕತ್ತಿಗೆ ಹಚ್ಚಿಕೊಂಡು ತಿಂದರು. ಅದಕ್ಕೆ ‘ಮಿಡ್‌ಶಿಪ್‌ಮನ್‌ನ ಬೆಣ್ಣೆ’ ಎಂಬ ಅಡ್ಡಹೆಸರೂ ಬಂತು. ಮಿಡ್‌ಶಿಪ್‌ಮನ್ ಎಂದರೆ ಹಡಗಿನ ಕಿರಿಯ ಅಧಿಕಾರಿ, ಹದಿಹರೆಯದ ಹುಡುಗ. ನಿಜವಾದ ಬೆಣ್ಣೆ ಸಿಗದವರ ಬೆಣ್ಣೆ ಅದು.

ಸಂಜೆಯ ತಿಂಡಿ

ದಕ್ಷಿಣ ಅಮೆರಿಕದಲ್ಲಿ ಈ ಹಣ್ಣಿಗೆ ‘ಪಾಲ್ಟಾ’ ಎಂಬ ಇನ್ನೊಂದು ಹೆಸರಿದೆ. ಇಂಕಾ ದೊರೆ ಟೂಪಾಕ್ ಇಂಕಾ ಯುಪಾಂಕಿ ಪಾಲ್ಟಾ ಎಂಬ ಸೀಮೆಯನ್ನು ಗೆದ್ದು ಅಲ್ಲಿಂದ ಈ ಹಣ್ಣನ್ನು ಕುಸ್ಕೊ ಕಣಿವೆಗೆ ತಂದನೆಂದು ಇತಿಹಾಸಕಾರ ಗಾರ್ಸಿಲಾಸೊ ದೆ ಲಾ ವೇಗ 1609ರಲ್ಲಿ ಬರೆದಿದ್ದಾನೆ. ಚಿಲಿ ದೇಶದಲ್ಲಿ ಬ್ರೆಡ್ಡು ಮತ್ತು ಪಾಲ್ಟಾ ಜೋಡಿ ಮನೆಮನೆಯ ತಿಂಡಿ. ಅಲ್ಲಿ ಸಂಜೆ ‘ಒನ್ಸೆ’ ಎಂಬ ಚಹದ ಹೊತ್ತುಂಟು. ಕೆಲಸದಿಂದ ದೊಡ್ಡವರು, ಶಾಲೆಯಿಂದ ಮಕ್ಕಳು ಬಂದು ಮೇಜಿನ ಸುತ್ತ ಕೂರುವ ಹೊತ್ತು ಅದು. ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟವೂ ಅದೇ. ಮರಾಕೆಟಾ ಎಂಬ ಗರಿಗರಿ ಬ್ರೆಡ್ಡು, ಚಹ, ಹೋಳು ಮಾಡಿದ ಟೊಮೆಟೊ, ಬಟ್ಟಲಿನಲ್ಲಿ ಕಿವುಚಿದ ಪಾಲ್ಟಾ. ಯಾರಿಗೆ ಎಷ್ಟು ಬೇಕೋ ಅಷ್ಟು ಅವರವರೇ ಹಚ್ಚಿಕೊಳ್ಳಬೇಕು.

ಮಾಡುವ ಬಗೆಯಲ್ಲಿ ಕಷ್ಟವೇನೂ ಇಲ್ಲ. ಕಷ್ಟವಿರುವುದು ಹಣ್ಣು ಹದಕ್ಕೆ ಬಂದಿದೆಯೇ ಎಂದು ತಿಳಿಯುವುದರಲ್ಲಿ. ಬೆಣ್ಣೆಹಣ್ಣಿನ ವಿಚಿತ್ರವೆಂದರೆ ಅದು ಮರದಲ್ಲಿ ಬಲಿಯುತ್ತದೆ, ಆದರೆ ಹಣ್ಣಾಗುವುದಿಲ್ಲ. ಕಿತ್ತ ಮೇಲೆಯೇ ಮೆತ್ತಗಾಗುವುದು. ತೊಟ್ಟಿನ ಬಳಿ ಬೆರಳಿನಿಂದ ಮೆಲ್ಲಗೆ ಒತ್ತಿದರೆ ತುಸು ಒಳಕ್ಕೆ ಹೋಗಬೇಕು. ಗಟ್ಟಿಯಾಗಿದ್ದರೆ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಟ್ಟರೆ ಬೇಗ ಹಣ್ಣಾಗುತ್ತದೆ. ಬಾಳೆಹಣ್ಣು ಹೊರಬಿಡುವ ಎಥಿಲೀನ್ ಅನಿಲದ ಕೆಲಸ ಅದು. ಹಣ್ಣನ್ನು ಉದ್ದಕ್ಕೆ ಸೀಳಿ, ಬೀಜ ತೆಗೆದು, ತಿರುಳನ್ನು ಚಮಚದಿಂದ ತೋಡಿ, ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ ಹಾಕಿ ಕಿವುಚಿದರೆ ಮುಗಿಯಿತು. ನಿಂಬೆರಸ ರುಚಿಗಷ್ಟೇ ಅಲ್ಲ. ಗಾಳಿ ತಾಗಿದ ತಿರುಳು ಕಂದಾಗುವುದು ಅದರೊಳಗಿನ ಕಿಣ್ವವೊಂದರಿಂದ. ಹುಳಿ ಆ ಕಿಣ್ವದ ಕೈಕಟ್ಟುತ್ತದೆ. ಬ್ರೆಡ್ಡನ್ನು ಕಾವಲಿಯ ಮೇಲೆ ಗರಿಯಾಗುವಂತೆ ಕಾಯಿಸಿ, ತಿನ್ನುವ ಹೊತ್ತಿಗೆ ಹಚ್ಚಬೇಕು. ಮೊದಲೇ ಹಚ್ಚಿದರೆ ಮೆತ್ತಗಾಗಿ ಕೆಡುತ್ತದೆ. ಮೇಲೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ದಾಳಿಂಬೆ ಕಾಳು, ಬೇಯಿಸಿದ ಮೊಟ್ಟೆ, ಯಾವುದೂ ಆದೀತು. ಅಯ್ಯಂಗಾರ್ ಬೇಕರಿಯಲ್ಲಿ ಕಾಯಿಸಿದ ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿಯ ಮಸಾಲೆ ಹರಡಿಕೊಂಡು ತಿಂದು ಬೆಳೆದವರಿಗೆ ಇದೇನೂ ಹೊಸ ವಿದ್ಯೆಯಲ್ಲ.

100 ಗ್ರಾಂ ಬೆಣ್ಣೆಹಣ್ಣಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 160 ಕ್ಯಾಲೊರಿ ಇರುತ್ತದೆ. ಆ ಕೊಬ್ಬಿನ ಹೆಚ್ಚಿನ ಪಾಲು ಆಲಿವ್ ಎಣ್ಣೆಯಲ್ಲಿರುವಂಥದ್ದೇ. ಸುಮಾರು 7 ಗ್ರಾಂ ನಾರಿನಂಶವೂ ಇದೆ. ಹೊಟ್ಟೆ ತುಂಬಿಸುವ ತಿಂಡಿ ಎಂದು ಹಡಗಿನ ಹುಡುಗರಿಗೆ ಅನ್ನಿಸಿದ್ದರಲ್ಲಿ ತಪ್ಪಿರಲಿಲ್ಲ.

ಹೆಸರು ಬದಲಿಸಿದವರು

ಹಿತ್ತಲ ಹಣ್ಣು ವ್ಯಾಪಾರದ ಸರಕಾದದ್ದು ಕ್ಯಾಲಿಫೋರ್ನಿಯಾದಲ್ಲಿ. 1911ರಲ್ಲಿ ಕಾರ್ಲ್ ಸ್ಮಿಟ್ ಎಂಬ ಯುವಕ ಅಲ್ಲಿನ ಸಸಿತೋಟವೊಂದರ ಪರವಾಗಿ ಮೆಕ್ಸಿಕೊಕ್ಕೆ ಹೋಗಿ ಒಳ್ಳೆಯ ಮರಗಳ ಕಸಿಕಡ್ಡಿ ತಂದ. 1913ರ ಕಡುಚಳಿಯಲ್ಲಿ ತೋಟಗಳು ಸುಟ್ಟುಹೋದಾಗ ಆಟ್ಲಿಸ್ಕೊ ಊರಿನಿಂದ ತಂದಿದ್ದ ತಳಿಯೊಂದು ತಾಳಿಕೊಂಡಿತು. ಅದಕ್ಕೇ ಸ್ಪ್ಯಾನಿಷ್‌ನಲ್ಲಿ ಬಲಶಾಲಿ ಎಂಬರ್ಥದ ಫುಯೆರ್ಟೆ ಎಂಬ ಹೆಸರು. ಆಗ ಇಂಗ್ಲಿಷಿನಲ್ಲಿ ಹಣ್ಣನ್ನು ಮೊಸಳೆ ಪೇರು ಎಂಬರ್ಥದ ‘ಅಲಿಗೇಟರ್ ಪೇರ್’ ಎಂದೂ ಕರೆಯುತ್ತಿದ್ದರು. ಮೊಸಳೆಯ ಹೆಸರಿನ ಹಣ್ಣನ್ನು ಯಾರು ಕೊಂಡಾರು? 1915ರಲ್ಲಿ ಸಂಘ ಕಟ್ಟಿಕೊಂಡ ಬೆಳೆಗಾರರು ಆವಕಾಡೊ ಎಂಬ ಹೆಸರನ್ನೇ ಗಟ್ಟಿ ಮಾಡಿದರು. ಅದರ ಹಿಂದಿನ ವರ್ಷ, 1914ರಲ್ಲಿ, ಬೀಜ ಕೊರೆಯುವ ಹುಳುವಿನ ಕಾರಣ ಹೇಳಿ ಅಮೆರಿಕ ಸರ್ಕಾರ ಮೆಕ್ಸಿಕೊದ ಹಣ್ಣನ್ನು ನಿಷೇಧಿಸಿತ್ತು. ತವರಿನ ಹಣ್ಣಿಗೆ ಬಾಗಿಲು ಮುಚ್ಚಿತು, ತವರಿನಿಂದ ತಂದ ಕಸಿಗೆ ಬೆಲೆ ಬಂತು.

ಅಂಚೆಯ ಹಾಸ್‌ನ ಮರ ಈ ಕಾಲದ್ದು. ಅವನು 1935ರಲ್ಲಿ ತನ್ನ ತಳಿಗೆ ಪೇಟೆಂಟ್ ಪಡೆದ. ಅಮೆರಿಕದ ಸಸ್ಯ ಪೇಟೆಂಟುಗಳಲ್ಲಿ ಅದರ ಸಂಖ್ಯೆ 139. ಸಸಿ ಮಾರಲು ನರ್ಸರಿಯವನೊಬ್ಬನ ಜೊತೆ ಒಪ್ಪಂದವಾಯಿತು. ಆದರೆ ಒಂದು ಸಸಿ ಕೊಂಡವನು ಅದರಿಂದಲೇ ಕಸಿಕಡ್ಡಿ ಕತ್ತರಿಸಿ ಇಡೀ ತೋಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಪೇಟೆಂಟಿನಿಂದ ಹಾಸ್‌ಗೆ ಜೀವಮಾನದಲ್ಲಿ ದೊರೆತದ್ದು ಸುಮಾರು 5,000 ಡಾಲರ್ ಎನ್ನುತ್ತಾರೆ. ಅವನು ಅಂಚೆ ಕೆಲಸ ಬಿಡಲಿಲ್ಲ. 1952ರಲ್ಲಿ ತೀರಿಕೊಂಡ. ಪೇಟೆಂಟಿನ ಅವಧಿ ಮುಗಿದದ್ದೂ ಅದೇ ವರ್ಷ. ದಪ್ಪ ಸಿಪ್ಪೆಯ ಅವನ ಹಣ್ಣು ದೂರದ ಪ್ರಯಾಣ ತಾಳುತ್ತದೆ, ಹಣ್ಣಾದದ್ದು ಬಣ್ಣದಿಂದಲೇ ಗೊತ್ತಾಗುತ್ತದೆ ಎಂಬುದು ವ್ಯಾಪಾರಿಗಳಿಗೆ ಮನವರಿಕೆಯಾದದ್ದು ಆಮೇಲೆ.

ಟೋಸ್ಟಿಗೆ ಹೋಟೆಲಿನ ಮರ್ಯಾದೆ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಬಿಲ್ ಗ್ರೇಂಜರ್ ಎಂಬ ತರುಣ 1993ರಲ್ಲಿ ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್ ಬಡಾವಣೆಯಲ್ಲಿ ‘ಬಿಲ್ಸ್’ ಎಂಬ ಪುಟ್ಟ ಉಪಾಹಾರ ಗೃಹ ತೆರೆದ. ಕಾಯಿಸಿದ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು, ನಿಂಬೆರಸ, ಉಪ್ಪು. ಆಸ್ಟ್ರೇಲಿಯದ ಮನೆಗಳಲ್ಲಿ ಅದಾಗಲೇ ಇದ್ದ ತಿಂಡಿಯನ್ನು ಅವನು ಬೆಲೆಪಟ್ಟಿಗೆ ಏರಿಸಿದ. ಅವನ ಹೋಟೆಲುಗಳು ಲಂಡನ್, ಟೋಕಿಯೊಗಳಿಗೂ ಹರಡಿದವು. 2023ರ ಡಿಸೆಂಬರ್ 25ರಂದು ಅವನು ತೀರಿಕೊಂಡಾಗ ಹಲವು ದೇಶಗಳ ಪತ್ರಿಕೆಗಳು ಈ ಟೋಸ್ಟಿನ ಹೆಸರಿನಲ್ಲೇ ಅವನನ್ನು ನೆನೆದವು. 2016ರಲ್ಲಿ ಅದೇ ದೇಶದ ಅಂಕಣಕಾರ ಬರ್ನಾರ್ಡ್ ಸಾಲ್ಟ್, 22 ಡಾಲರಿನ ಟೋಸ್ಟಿಗೆ ಹಣ ಸುರಿಯುವ ಯುವಜನ ಅದನ್ನು ಮನೆ ಕೊಳ್ಳಲು ಕೂಡಿಡಬಾರದೇ ಎಂಬ ಧಾಟಿಯಲ್ಲಿ ಬರೆದದ್ದು ದೊಡ್ಡ ಜಗಳಕ್ಕೆ ಕಾರಣವಾಯಿತು. ಮನೆಗಳ ಬೆಲೆಯೇ ಕೈಗೆಟುಕದಿರುವಾಗ ಟೋಸ್ಟು ಬಿಟ್ಟರೆ ಮನೆ ಬಂದೀತೇ ಎಂದು ಹುಡುಗರು ತಿರುಗಿ ಕೇಳಿದರು. ಬಡ ನಾವಿಕರ ಬೆಣ್ಣೆ ದುಂದುಗಾರಿಕೆಯ ಗುರುತಾದದ್ದು ಹೀಗೆ.

ತಟ್ಟೆಯ ಆಚೆ

ಬೆಲೆಪಟ್ಟಿಯಲ್ಲಿ ಕಾಣದ ಬೆಲೆಯೊಂದಿದೆ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಣ ಮುಕ್ತ ವ್ಯಾಪಾರ ಒಪ್ಪಂದ 1994ರಲ್ಲಿ ಜಾರಿಗೆ ಬಂತು. 1997ರಲ್ಲಿ ಮೆಕ್ಸಿಕೊದ ಮಿಚೊವಾಕಾನ್ ರಾಜ್ಯದ ಬೆಣ್ಣೆಹಣ್ಣಿಗೆ ಅಮೆರಿಕದ 19 ರಾಜ್ಯಗಳು, ಅದೂ ಚಳಿಗಾಲದಲ್ಲಿ ಮಾತ್ರ, ತೆರೆದವು. 2007ರ ಹೊತ್ತಿಗೆ ಎಲ್ಲ ರಾಜ್ಯಗಳೂ ತೆರೆದವು. ಅಮೆರಿಕನ್ನರ ತಲಾ ಬಳಕೆ 2000ದಿಂದೀಚೆಗೆ ಮೂರು ಪಟ್ಟನ್ನೂ ಮೀರಿ ಏರಿತು. ಮಿಚೊವಾಕಾನ್‌ನ ಗುಡ್ಡಗಳಲ್ಲಿ ಪೈನ್ ಕಾಡು ಕಡಿದು ತೋಟ ಮಾಡುವುದು ಲಾಭದ ದಂಧೆಯಾಯಿತು. ಹಣ ಕಂಡಲ್ಲಿ ಸುಲಿಗೆಕೋರರೂ ಬಂದರು. ತಾನ್‌ಸಿತಾರೊ ಪಟ್ಟಣದ ಬೆಳೆಗಾರರು 2013ರಲ್ಲಿ ಆಯುಧ ಹಿಡಿದು ಅವರನ್ನು ಓಡಿಸಿದರು. ಬಳಿಕ ತಮ್ಮ ಹಣದಿಂದಲೇ ಕಾವಲು ಪಡೆ ಸಾಕಿದರು. 2022ರ ಫೆಬ್ರುವರಿಯಲ್ಲಿ ಅಮೆರಿಕದ ತಪಾಸಣಾಧಿಕಾರಿಯೊಬ್ಬರಿಗೆ ಬೆದರಿಕೆ ಬಂದಾಗ ಸುಮಾರು ಒಂದು ವಾರ ಆಮದೇ ನಿಂತಿತ್ತು.

ಅದೇ ರಾಜ್ಯದ ಚೆರಾನ್ ಎಂಬುದು ಪುರೆಪೆಚಾ ಮೂಲನಿವಾಸಿಗಳ ಊರು. 2011ರ ಏಪ್ರಿಲ್‌ನಲ್ಲಿ ಅಲ್ಲಿನ ಹೆಂಗಸರು ಮುಂದೆ ನಿಂತು, ಕಾಡುಗಳ್ಳರ ಲಾರಿಗಳನ್ನು ತಡೆದರು. ಊರಿನವರು ರಾಜಕೀಯ ಪಕ್ಷಗಳನ್ನೂ ಹೊರಗಟ್ಟಿ ತಮ್ಮದೇ ಸಭೆಯ ಆಡಳಿತ ಮಾಡಿಕೊಂಡರು. ತಮ್ಮ ನೆಲದಲ್ಲಿ ವ್ಯಾಪಾರದ ಬೆಣ್ಣೆಹಣ್ಣಿನ ತೋಟ ಬೇಡವೆಂಬುದು ಅವರ ಕಟ್ಟಳೆ. ಇತ್ತ ಸಂಜೆಯ ಟೋಸ್ಟಿನ ನಾಡು ಚಿಲಿಯಲ್ಲಿ 1981ರ ಕಾನೂನು ನೀರಿನ ಹಕ್ಕನ್ನು ಕೊಂಡು ಮಾರುವ ಸೊತ್ತನ್ನಾಗಿ ಮಾಡಿತು. ಪೆಟೋರ್ಕಾ ಕಣಿವೆಯಲ್ಲಿ ರಫ್ತಿನ ತೋಟಗಳು ಗುಡ್ಡ ಏರಿದವು, ಹೊಳೆ ಒಣಗಿತು, ಹಳ್ಳಿಗಳು ಟ್ಯಾಂಕರ್ ನೀರಿಗೆ ಕೊಡ ಹಿಡಿದವು. ಬರಗಾಲವೂ ಇದಕ್ಕೆ ಸೇರಿಕೊಂಡಿತ್ತು.

ಇನ್ನೊಂದು ಅಪಾಯ ಕಣ್ಣಿಗೆ ಬೀಳದ್ದು. ಹಾಸ್‌ನ ಸಂತಾನವೆಂದರೆ ಬೀಜದಿಂದ ಹುಟ್ಟಿದ ಮಕ್ಕಳಲ್ಲ. ಕಸಿಯಿಂದ ಕಸಿಗೆ ದಾಟಿದ ಒಂದೇ ಮರ. ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲೀತು. ಲಾ ಹಾಬ್ರಾ ಹೈಟ್ಸ್‌ನ ತಾಯಿಮರ 2002ರಲ್ಲಿ ಬೇರುಕೊಳೆ ರೋಗದಿಂದ ಸತ್ತಿತು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿ ಫೈಟಾಪ್ತೊರಾ ಎಂಬ ಕುಲದ್ದು. ಮಲೆನಾಡಿನ ಅಡಿಕೆಗೆ ಕೊಳೆರೋಗ, ಕೊಡಗಿನ ಮೆಣಸಿನ ಬಳ್ಳಿಗೆ ಸೊರಗು ರೋಗ ತರುವುದೂ ಅದೇ ಕುಲದ ಜೀವಿಗಳು.

ಕೊಡಗಿನ ಹಿತ್ತಲು

ಬೆಣ್ಣೆಹಣ್ಣು 20ನೇ ಶತಮಾನದ ಆರಂಭದಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ಬಂತು. ಕೊಡಗಿನ ಕಾಫಿ ತೋಟಗಳಲ್ಲಿ, ಮನೆಯ ಹಿತ್ತಲುಗಳಲ್ಲಿ ಅದು ನೆಲೆಯೂರಿತು. ಇಲ್ಲಿ ಹೆಚ್ಚಿನವು ಬೀಜದಿಂದ ಎದ್ದ ಮರಗಳು. ಬೆಣ್ಣೆಹಣ್ಣಿನ ಹೂವು ಎರಡು ಸಲ ಅರಳುತ್ತದೆ, ಒಮ್ಮೆ ಹೆಣ್ಣಾಗಿ, ಇನ್ನೊಮ್ಮೆ ಗಂಡಾಗಿ. ಹೀಗಾಗಿ ಪಕ್ಕದ ಮರದ ಪರಾಗ ಸುಲಭವಾಗಿ ಬೆರೆತು ಒಂದು ಮರದ ಹಣ್ಣು ಇನ್ನೊಂದರಂತಿರುವುದಿಲ್ಲ. ಒಂದು ಗುಂಡಗೆ, ಒಂದು ಉದ್ದ ಕತ್ತಿನದು. ಒಂದರ ಸಿಪ್ಪೆ ಹಸಿರು, ಇನ್ನೊಂದರದು ನೇರಳೆ. ವ್ಯಾಪಾರಿಗೆ ಇದು ತಲೆನೋವು. ತಳಿವಿಜ್ಞಾನಿಗೆ ಇದೇ ಭಂಡಾರ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಇಂಥ ಮರಗಳ ನಡುವಿನಿಂದ ಒಳ್ಳೆಯವನ್ನು ಆರಿಸಿ ‘ಅರ್ಕಾ ಸುಪ್ರೀಂ’, ‘ಅರ್ಕಾ ಕೂರ್ಗ್ ರವಿ’ ಎಂಬ ತಳಿಗಳನ್ನು ಕೊಟ್ಟಿದೆ.

ಈಗ ನಗರದ ದೊಡ್ಡ ಅಂಗಡಿಗಳಲ್ಲಿ ಹೊರದೇಶದ ಹಾಸ್ ಹಣ್ಣು ಒಂದೊಂದಾಗಿ ಲೆಕ್ಕದ ಮೇಲೆ ಮಾರಾಟವಾಗುತ್ತದೆ. ನಮ್ಮಲ್ಲೂ ಹಾಸ್ ಗಿಡ ನೆಡುವ ತೋಟಗಾರರಿದ್ದಾರೆ. ಬೆಲೆ ಬರುವುದಾದರೆ ನೆಡುವುದು ಸಹಜ. ಅದಕ್ಕಾಗಿ ಹಿತ್ತಲ ಹಳೆಯ ಮರವನ್ನು ಕಡಿಯಬೇಕೇ ಎಂಬುದಷ್ಟೇ ಪ್ರಶ್ನೆ. ಮಳೆಗಾಲದಲ್ಲಿ ಕೊಡಗಿನಿಂದ ಬರುವ ಹಸಿರು ಸಿಪ್ಪೆಯ ಹಣ್ಣಿನಲ್ಲಿ ನೀರಿನಂಶ ತುಸು ಹೆಚ್ಚು, ಎಣ್ಣೆಯಂಶ ಕಡಿಮೆ. ಟೋಸ್ಟಿಗೆ ಹಚ್ಚುವಾಗ ನಿಂಬೆರಸ ಕೊಂಚ ಕಡಿಮೆ ಹಾಕಿದರೆ ಸರಿಹೋಗುತ್ತದೆ. ಬೆಲೆಯೂ ಮನೆಮಂದಿಗೆಲ್ಲ ಸಾಲುವಷ್ಟು ಕೊಳ್ಳುವಂತಿರುತ್ತದೆ. ಯಾವ ಮರದ ಹಣ್ಣು ರುಚಿ ಎಂಬುದನ್ನು ಅಲ್ಲಿಯೂ ಮಕ್ಕಳ ಕೈಗೆ ಒಂದೊಂದು ತುಂಡು ಕೊಟ್ಟು ಕೇಳಬಹುದು. ಪಾಸಡೀನದ ಅಂಚೆಯವನು ಕೇಳಿದ್ದು ಹಾಗೆಯೇ.